ನೀಲಿ ಜೀಪಿಗೆ ಮಡಿಸುವ ಟಾಪು

ನನ್ನ ತವರು ನಂಗಲಿಯ ಹತ್ತಿರ. ಮದರಾಸಿಗೆ ಹೋಗುವ ಹೆದ್ದಾರಿ ನಮ್ಮ ಹೊಲದ ಬದುವಿನ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಎಪ್ಪತ್ತರ ದಶಕ, ನಾನಿನ್ನೂ ಲಂಗ ಉಡುತ್ತಿದ್ದ ಕಾಲ. ಒಂದು ಬೆಳಿಗ್ಗೆ ಅಪ್ಪನ ಜೊತೆ ಟೊಮೇಟೊ ಬುಟ್ಟಿಗಳನ್ನು ರಸ್ತೆಬದಿಗೆ ತಂದಿಟ್ಟುಕೊಂಡು ಲಾರಿಗೆ ಕಾಯುತ್ತಿದ್ದೆ. ಲಾರಿಯ ಬದಲು ಒಂದು ಕೆಂಪು ಕಾರು ಬಂದು ನಿಂತಿತು. ಅಷ್ಟು ಗಿಡ್ಡ ಕಾರನ್ನು ನಾನು ಕಂಡೇ ಇರಲಿಲ್ಲ. ಅದರ ಬಾಗಿಲು ನನ್ನ ಸೊಂಟಕ್ಕೆ ಬರುತ್ತಿತ್ತು. ಒಳಗೆ ಇಬ್ಬರಿಗೆ ಮಾತ್ರ ಜಾಗ. ಪಕ್ಕದ ಸೀಟಿನಲ್ಲಿ ಒಬ್ಬ ಗಂಡಸು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಓಡಿಸುತ್ತಿದ್ದವರು ಹೆಂಗಸು.

ಆಕೆ ಕುಡಿಯಲು ನೀರು ಕೇಳಿದರು. ಅಪ್ಪ ಹೂಜಿಯಿಂದ ಬಗ್ಗಿಸಿಕೊಟ್ಟು, ಎರಡು ಹಣ್ಣು ಟೊಮೇಟೊನೂ ಕೊಟ್ಟರು. ಆಕೆ ಅವನ್ನು ಸೀಬೆಹಣ್ಣಿನಂತೆ ಕಚ್ಚಿ ತಿಂದು, ಕೈ ಒರೆಸಿಕೊಂಡು, ಕಾರಿನ ಟಾಪಿನ ಕೊಂಡಿ ಬಿಚ್ಚಿದರು. ನಾನು ಕಾರಿನ ಸೂರು ಅಂದರೆ ಮನೆಯ ಸೂರಿನ ಹಾಗೆ ಕದಲದ್ದು ಅಂದುಕೊಂಡಿದ್ದೆ. ಅದು ಬಟ್ಟೆ! ಛತ್ರಿ ಮಡಿಸಿದಷ್ಟು ಸಲೀಸಾಗಿ ಅದನ್ನು ಹಿಂದಕ್ಕೆ ಮಡಿಸಿ, ತಲೆಗೊಂದು ಹೂವಿನ ಸ್ಕಾರ್ಫು ಕಟ್ಟಿ, ನನ್ನ ಕಡೆ ಕೈಬೀಸಿ ಹೊರಟೇಹೋದರು. ಮಲಗಿದ್ದವನಿಗೆ ಎಚ್ಚರವಾಗಲೇ ಇಲ್ಲ.

"ಟಾಪಿಲ್ದೆ ಹೋಗ್ತವ್ರಲ್ಲಮ್ಮ, ಮಳೆ ಬಂದ್ರೆ ಗತಿ?" ಅಂದರು ಅಪ್ಪ.

"ಟಾಪು ಐತಲ್ಲಪ್ಪ, ಮಡಿಸಿಟ್ಟವ್ರೆ. ಬೇಕಾದಾಗ ಹಾಕ್ಕೋತಾರೆ."

ಎಷ್ಟೋ ದಿನ ನಾನು ಮಂಚದ ಮೇಲೆ ಕೂತು, ಗೋಣಿಚೀಲವನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆದು, ಬಾಯಲ್ಲೇ ಬುರ್ ಎನ್ನುತ್ತಾ ಮದರಾಸಿಗೆ ಹೋಗಿಬರುತ್ತಿದ್ದೆ.

ಮದುವೆಯಾಗಿ ಬಂದದ್ದು ಶ್ರೀನಿವಾಸಪುರದಿಂದ ರಾಯಲ್ಪಾಡಿಗೆ ಹೋಗುವ ದಾರಿಯ ಒಂದು ಹಳ್ಳಿಗೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮನೆಯಲ್ಲಿ ಮಾವ, ಅತ್ತೆ, ನಾನು. ನಮ್ಮ ಯಜಮಾನರು ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದು ಶನಿವಾರ ಸಾಯಂಕಾಲ ಮನೆಗೆ ಬರುತ್ತಿದ್ದರು. ಮಾವನಿಗೆ ಮಾವಿನ ತೋಪು, ಹಿಪ್ಪುನೇರಳೆ ತೋಟ, ಒಂದಿಷ್ಟು ರಾಗಿ. ನನಗೆ ರಾಯಲ್ಪಾಡಿನ ಶಾಲೆಯಲ್ಲಿ ಟೀಚರ್ ಕೆಲಸ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಯಾವುದಾದರೂ ಟೊಮೇಟೊ ಲಾರಿಯ ಕ್ಯಾಬಿನ್ನಿನಲ್ಲಿ ಮುದುರಿ ಕೂತು ಹೋಗಬೇಕಿತ್ತು. ಅತ್ತೆಯ ಪಾಡು ಬೇರೆ. ಬಸ್ಸಿನೊಳಗಿನ ಬಿಸಿಗಾಳಿ ತಾಗಿದರೆ ಸಾಕು, ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ಮುಳಬಾಗಿಲಿನ ಮಗಳ ಮನೆಗೂ ಹೋಗದೆ, ಶ್ರೀನಿವಾಸಪುರ ದಾಟುವುದನ್ನೇ ಬಿಟ್ಟಿದ್ದರು.

ಆ ವರ್ಷ ಮಾವು ಚೆನ್ನಾಗಿ ಕಾಯಿತು. ಫಸಲು ಮುಗಿದ ಮೇಲೆ ಒಂದು ಭಾನುವಾರ ಮಾವ ಊಟ ಮುಗಿಸಿ, ಕೈತೊಳೆದು ಬಂದು, "ಒಂದು ಜೀಪು ತಗೊಳ್ಳೋಣ ಅಂತಿದೀನಿ, ಹೊಸದು," ಅಂದರು.

ನಮ್ಮ ಸುತ್ತಲ ಹಳ್ಳಿಗಳಲ್ಲಿ ಜೀಪು ಅಂದರೆ ಯಾವುದೋ ಇಲಾಖೆ ಹರಾಜು ಹಾಕಿದ ಗುಜರಿ. ಹೊಸ ಜೀಪನ್ನು ಕೊಂಡವರನ್ನು ನಾವು ಕಂಡಿರಲಿಲ್ಲ. ಮೊದಲು ಮಾತಾಡಿದವರು ಅತ್ತೆ. "ಮೇಲೆ ಮುಚ್ಚಿರುತ್ತಾ, ತೆರೆದಿರುತ್ತಾ?"

"ನಾವು ಹೆಂಗೆ ಬೇಕಂದ್ರೆ ಹಂಗೆ."

"ಗಾಲಿ ಲೇಕುಂಟೆ ನೇನೆಕ್ಕನು," ಅಂದುಬಿಟ್ಟರು ಅತ್ತೆ. ಗಾಳಿಯಿಲ್ಲದಿದ್ದರೆ ನಾನು ಹತ್ತೋದೇ ಇಲ್ಲ ಅಂತ. ಅವರು ಗಟ್ಟಿ ಮಾತಾಡಬೇಕಾದಾಗ ತೆಲುಗಿಗೆ ಹೋಗುತ್ತಿದ್ದರು. ಅಲ್ಲಿಂದ ಅವರನ್ನು ಹಿಂದಕ್ಕೆ ಕರೆತರುವುದು ಯಾರಿಂದಲೂ ಆಗುತ್ತಿರಲಿಲ್ಲ.

ಅವತ್ತು ಹತ್ತಿಕೊಂಡ ಹುಮ್ಮಸ್ಸು ಗಾಡಿ ಬರುವ ತನಕ ಆರಲಿಲ್ಲ. ಬುಕ್ ಮಾಡಿದ ಮೇಲೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಆ ತಿಂಗಳುಗಳೆಲ್ಲ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮೊದಲನೇ ಜಗಳ ಬಣ್ಣದ್ದು. ಯಜಮಾನರಿಗೆ ಕಾರುಗಳ ಹುಚ್ಚು. ಮಾಲೂರಿನ ಅವರ ರೂಮಿನ ಗೋಡೆಯ ಮೇಲೆ ಹಳೇ ಇಂಗ್ಲಿಷ್ ಪತ್ರಿಕೆಗಳಿಂದ ಕತ್ತರಿಸಿದ ವಿದೇಶೀ ಕಾರುಗಳ ಚಿತ್ರಗಳಿದ್ದವು, ಒಂದಕ್ಕೂ ಟಾಪಿರಲಿಲ್ಲ. ಅವರು ಕೆಂಪೇ ಆಗಬೇಕು ಅಂದರು.

"ಕೆಂಪಾದ್ರೆ ಟಪಾಲಿನ ಗಾಡಿ ಅಂತಾರೆ," ಅಂದರು ಮಾವ.

"ಹಸಿರು?" ಅಂದೆ ನಾನು.

"ಸೌದೆಗೆ ಹೋದೋರೆಲ್ಲ ಫಾರೆಸ್ಟ್‌ನೋರು ಬಂದ್ರು ಅಂತ ಹೊರೆ ಬಿಸಾಕಿ ಓಡ್ತಾರೆ."

"ಬಿಳೀದು ತಗೊಳ್ಳಿ ಮತ್ತೆ."

"ಬಿಳೀದು ಆಸ್ಪತ್ರೇದು. ದಿನಾ ಯಾರಾದ್ರೂ ಅಡ್ಡ ಹಾಕಿ ಸೂಜಿ ಚುಚ್ಚಿ ಅಂತಾರೆ."

ಖಾಕಿ ಬಣ್ಣದ ಹೆಸರನ್ನು ಯಾರೂ ಎತ್ತಲೇ ಇಲ್ಲ. ಕೊನೆಗೆ ಅತ್ತೆ ಅವರೆಕಾಯಿ ಸುಲಿಯುತ್ತಾ, ತಲೆಯೆತ್ತದೆ, "ನೀಲಿ ಯಾವ ಇಲಾಖೇದು?" ಅಂದರು. ನಾವು ಮೂವರೂ ಯೋಚಿಸಿದೆವು. ನೀಲಿ ಯಾವ ಇಲಾಖೆಯದೂ ಆಗಿರಲಿಲ್ಲ. ನೀಲಿ ಆಯಿತು.

ಆ ಕಾಲದಲ್ಲಿ ಜೀಪು ಕಂಪನಿಯಿಂದ ಬರುವಾಗ ಇಂಜಿನ್ನು, ಚಕ್ರ, ಮುಂದಿನ ಗಾಜು, ತಗಡಿನ ಮೈ, ಮುಂದಿನ ಸೀಟು ಇಷ್ಟರೊಂದಿಗೇ ಬರುತ್ತಿತ್ತು. ಟಾಪು, ಬಾಗಿಲು, ಹಿಂದಿನ ಸೀಟುಗಳನ್ನು ಹೊರಗಡೆ ತಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳುತ್ತಿದ್ದರು. ಅದೇ ದೊಡ್ಡ ಸಡಗರ. ಮಾವನಿಗೆ ಹಿಂದಿನ ಸೀಟು ಎತ್ತಿ ನಿಲ್ಲಿಸುವಂತಿರಬೇಕು, ರೇಷ್ಮೆಗೂಡಿನ ಬುಟ್ಟಿ, ಮಾವಿನ ಬುಟ್ಟಿ ಕೂರಬೇಕು. ಅತ್ತೆಗೆ ಹತ್ತಲು ಮೆಟ್ಟಿಲು, ಹಿಡಿಯಲು ಕಂಬಿ, ಕೆರೆ ಏರಿಯ ಮೇಲೆ ಹೊಡೆದರೆ ಅಡಿಗೆಮನೆಗೆ ಕೇಳಿಸುವಂಥ ಹಾರನ್ನು. "ಹಾರನ್ ಕೇಳಿದ್ ಮೇಲೆ ಎಸರಿಗೆ ಹಿಟ್ಟು ಹಾಕಿದ್ರೆ, ನೀವು ಕಾಲು ತೊಳೆಯೋ ಹೊತ್ತಿಗೆ ಮುದ್ದೆ ಬಿಸಿಬಿಸಿ ಇರುತ್ತೆ," ಅನ್ನುವುದು ಅವರ ಲೆಕ್ಕಾಚಾರ. ಯಜಮಾನರಿಗೆ ಹಿಂದಿನ ಸೀಟೇ ಬೇಡ. "ಇಬ್ಬರೇ ಕೂರೋ ಹಂಗಿರ್ಲಿ. ಗಾಡಿಗೆ ಒಂದು ಅಂದ ಬೇಡ್ವಾ?"

"ಆಮೇಲೆ ನಾನೂ ನಿಮ್ಮಪ್ಪಾನೂ ಬಾನೆಟ್ ಮೇಲೆ ಕೂರೋಣ್ವೇನೋ?" ಅಂದರು ಅತ್ತೆ.

ನಾನು ಒಂದೇ ಕೇಳಿದೆ. ಟಾಪು ಮಡಿಸುವಂತಿರಲಿ. ಬಿಸಿಲು ಮಳೆಗೆ ಮುಚ್ಚಬೇಕು, ಸಂಜೆ ಹೊತ್ತು ತೆರೆಯಬೇಕು. ಮಾವ ಯಾಕೋ ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಆಯ್ತಮ್ಮ," ಅಂದರು.

ಇಷ್ಟು ಮಾತಿನ ನಡುವೆ ಗಾಡಿಯನ್ನು ಓಡಿಸುವುದು ಯಾರು ಅನ್ನುವುದನ್ನು ಯಾರೂ ಕೇಳಿರಲಿಲ್ಲ. ಮಾವ ಟ್ರ್ಯಾಕ್ಟರು ಓಡಿಸಿದವರು, ಆದರೆ ತೋಪಿನಲ್ಲಿ ಮರದಿಂದ ಬಿದ್ದ ಮೇಲೆ ಅವರ ಎಡಮಂಡಿ ಪೂರ್ತಿ ಮಡಚುತ್ತಿರಲಿಲ್ಲ; ಕ್ಲಚ್ ಒತ್ತಿ ಬಹಳ ದೂರ ಹೋಗಲಾರರು. ಯಜಮಾನರು ಒಂದು ಸಲ ಅದೇ ಟ್ರ್ಯಾಕ್ಟರನ್ನು ಹಿಪ್ಪುನೇರಳೆ ಸಾಲಿನೊಳಗೆ ನುಗ್ಗಿಸಿ, ಅವತ್ತಿನಿಂದ ಸ್ಟೇರಿಂಗಿಗೆ ಕೈಮುಗಿದಿದ್ದರು. ಊರಿನಲ್ಲಿ ಲಾರಿ ಓಡಿಸಿ ಬಿಟ್ಟಿದ್ದ ಒಬ್ಬನಿದ್ದ. ಅವನನ್ನೇ ಡ್ರೈವರಾಗಿ ಇಟ್ಟುಕೊಳ್ಳುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಅವನೂ ಹಾಗೇ ಅಂದುಕೊಂಡು, ದಾರಿಯಲ್ಲಿ ಸಿಕ್ಕಾಗೆಲ್ಲ "ಗಾಡಿ ಯಾವಾಗ ಬರುತ್ತೆ ಟೀಚರಮ್ಮ?" ಅಂತ ಕೇಳುತ್ತಿದ್ದ.

ಬೇಸಿಗೆ ರಜೆಯಲ್ಲಿ ಗಾಡಿ ಬಂತು. ಬೆಂಗಳೂರಿನಿಂದ ಅದನ್ನು ನೇರವಾಗಿ ಕೋಲಾರದಲ್ಲಿ ಟಾಪು, ಸೀಟು ಹೊಲಿಯುವ ಸಾಬರ ಅಂಗಡಿಗೆ ತಂದು ನಿಲ್ಲಿಸಿದ್ದರು. ನಾವು ನಾಲ್ವರೂ ಹೋದೆವು. ಅತ್ತೆ ಬಸ್ಸಿನಲ್ಲಿ ನಿಂಬೆಹಣ್ಣು ಮೂಗಿಗೆ ಹಿಡಿದುಕೊಂಡೇ ಬಂದರು. "ನನ್ನ ಮೆಟ್ಲು ನಾನೇ ನೋಡಿ ಹಾಕಿಸ್ಕೋಬೇಕು," ಅಂತ ಹಟ.

ಹುಣಸೇಮರದ ನೆರಳಿನಲ್ಲಿ ನಿಂತಿತ್ತು. ನೀಲಿ! ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಟಾಪಿಲ್ಲದೆ, ಬಾಗಿಲಿಲ್ಲದೆ, ಆಗಷ್ಟೇ ಸ್ನಾನ ಮಾಡಿಸಿ ಬಟ್ಟೆ ಹಾಕದೆ ನಿಲ್ಲಿಸಿದ ಮಗುವಿನ ಹಾಗೆ ಕಾಣುತ್ತಿತ್ತು. ಯಜಮಾನರು ಸುತ್ತ ಒಂದು ಪ್ರದಕ್ಷಿಣೆ ಬಂದು, ಬಾನೆಟ್ಟನ್ನು ಅಂಗೈಯಿಂದ ಸವರಿ, "ಕೆಂಪಿಗಿಂತ ಇದೇ ವಾಸಿ," ಅಂದುಬಿಟ್ಟರು.

ಸಾಬರು ಬಟ್ಟೆಯ ತುಂಡುಗಳನ್ನು ಹರಡಿದರು. ಕರೀದು, ಖಾಕಿ, ಕಂದು. ಕರೀದು ಬಿಸಿಲು ಕುಡಿಯುತ್ತದೆ ಅಂತ ಮಾವ ತೆಗೆದಿಟ್ಟರು. ನೀಲಿಯ ಮೇಲೆ ಕಂದು ಇಟ್ಟು ನೋಡಿದರೆ ಉತ್ತ ಹೊಲವನ್ನೂ ಆಕಾಶವನ್ನೂ ತಲೆಕೆಳಗು ಮಾಡಿದಂತಿತ್ತು. ಎಲ್ಲರಿಗೂ ಅದೇ ಹಿಡಿಸಿತು. ಸೀಟಿಗೆ ರೆಕ್ಸಿನ್ನು ಅಂದರು ಸಾಬರು. ಅತ್ತೆ ಬಿಸಿಲಲ್ಲಿಟ್ಟಿದ್ದ ರೆಕ್ಸಿನ್ ತುಂಡಿನ ಮೇಲೆ ಕೈಯಿಟ್ಟು ಸರಕ್ಕನೆ ತೆಗೆದು, "ಇದರ ಮೇಲೆ ಕೂತ್ರೆ ರೊಟ್ಟಿ ಬೆಂದಂಗೆ ಬೇಯ್ತೀವಿ," ಅಂದರು. ರೆಕ್ಸಿನ್ನಿನ ಮೇಲೆ ದಪ್ಪ ಹತ್ತಿಬಟ್ಟೆಯ ಗವಸು ಅಂತ ತೀರ್ಮಾನವಾಯಿತು. ಹಾರನ್ನುಗಳನ್ನು ಒಂದೊಂದಾಗಿ ಹೊಡೆದು ಕೇಳಿದೆವು. ಅತ್ತೆ ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಬೆನ್ನು ತಿರುಗಿಸಿ, ಕೇಳಿಸಿದರೆ ಕೈಯೆತ್ತುತ್ತಿದ್ದರು. ಎದುರಿನ ಸೈಕಲ್ ಅಂಗಡಿಯವರು ಕೆಲಸ ಬಿಟ್ಟು ನೋಡುತ್ತಿದ್ದರು.

ಮಡಿಸುವ ಟಾಪಿನ ಮಾತು ಬಂದಾಗ ಸಾಬರು ತಲೆಯಾಡಿಸಿದರು. "ಅಮ್ಮಾ, ದಿನಾ ಮಡಚೋದು ತೆಗಿಯೋದು ಮಾಡಿದ್ರೆ ಬಟ್ಟೆ ಬೇಗ ಖರಾಬ್ ಆಗುತ್ತೆ. ಒಂದ್ಸಾರಿ ಬಿಗಿಸಿಬಿಡ್ತೀನಿ, ಹತ್ತು ವರ್ಷ ಅಲ್ಲಾಡಲ್ಲ."

"ಅಲ್ಲಾಡೋದೇ ಬೇಕು ನಮಗೆ," ಅಂದೆ. ನನ್ನ ದನಿ ನಾನಂದುಕೊಂಡಿದ್ದಕ್ಕಿಂತ ಜೋರಾಗಿತ್ತು. ನಾಚಿಕೆಯಾದರೂ ನಿಲ್ಲಿಸಲಿಲ್ಲ. ಕೊಂಡಿ ಎಲ್ಲಿ ಬಿಚ್ಚಬೇಕು, ಕಂಬಿ ಹೇಗೆ ಹಿಂದಕ್ಕೆ ಮಲಗಬೇಕು, ಬಟ್ಟೆ ಎಲ್ಲಿ ಸುತ್ತಿಕೊಳ್ಳಬೇಕು ಅಂತ ಕೈಯಾಡಿಸಿ ತೋರಿಸಿದೆ. ಸಾಬರು ಗಡ್ಡ ಕೆರೆದುಕೊಂಡು ಒಂದು ಕಡ್ಡಿಯಿಂದ ಮಣ್ಣಿನಲ್ಲಿ ಗೀಚಿದರು. ನಾನು ಅದನ್ನು ಅಳಿಸಿ ಬೇರೆ ಗೀಚಿದೆ. ಅವರು ಅದರ ಪಕ್ಕ ಇನ್ನೊಂದು ಗೀಚಿ, "ಇದು ಆಗುತ್ತೆ," ಅಂದರು.

ಅಷ್ಟು ಹೊತ್ತು ಸುಮ್ಮನಿದ್ದ ಮಾವ ಆಗ ಅಂದರು: "ಹತ್ತಮ್ಮ. ಮುಂದೆ. ಸ್ಟೇರಿಂಗ್ ಹತ್ರ."

ಸುಮ್ಮನೆ ಕೂತು ನೋಡಲಿ ಅಂತ ಹೇಳುತ್ತಿದ್ದಾರೆ ಅಂದುಕೊಂಡು, ಸೆರಗು ಸಿಕ್ಕಿಸಿಕೊಂಡು ಹತ್ತಿದೆ. ಸ್ಟೇರಿಂಗ್ ತಣ್ಣಗಿತ್ತು.

"ಎಡಗಾಲಲ್ಲಿ ಕ್ಲಚ್ ಒತ್ತು."

ಕಾಲು ಚಾಚಿದೆ. ಬೆರಳ ತುದಿಯಷ್ಟೇ ತಾಗಿತು. "ಎಟುಕಲ್ಲ ಮಾವ."

ಮಾವ ಸಾಬರ ಕಡೆ ತಿರುಗಿದರು. "ನೋಡಿದ್ರಲ್ಲ? ಸೀಟು ಅಷ್ಟು ಮುಂದಕ್ಕೆ ಬರ್ಬೇಕು. ಬೆನ್ನಿಗೂ ಸ್ವಲ್ಪ ದಪ್ಪ ಕೊಡಿ."

"ಡ್ರೈವರ್ ಎಷ್ಟೆತ್ತರ ಅವ್ನೆ ಸಾರ್? ಅವನನ್ನ ಕೂರಿಸಿ ನೋಡೋದು ಬೆಟರ್."

"ಇಲ್ಲೇ ಕೂತವ್ಳಲ್ಲ!"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. "ಅಪ್ಪಾ!" ಅಂದರು ಯಜಮಾನರು. ಅತ್ತೆ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡರು. ನಾನು ಸ್ಟೇರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡೆ, ಯಾರಾದರೂ ಕಿತ್ತುಕೊಂಡಾರು ಅನ್ನುವ ಹಾಗೆ.

"ಏನಪ್ಪಾ? ದಿನಾ ರಾಯಲ್ಪಾಡಿಗೆ ಹೋಗೋಳು ಅವ್ಳು," ಅಂದರು ಮಾವ. "ಡ್ರೈವರ್ನ ಇಟ್ರೆ, ಅವನು ಬರ್ದೇ ಇದ್ದ ದಿನ ಗಾಡೀನ ಮನೇಲಿಟ್ಕೊಂಡು ಬಸ್ಸಿಗೆ ನಿಲ್ಬೇಕಾ? ಟ್ರ್ಯಾಕ್ಟರ್ ರಿಪೇರಿ ಆಗೋವಾಗೆಲ್ಲ ಪಕ್ಕದಲ್ಲಿ ನಿಂತು ನೋಡ್ತಿರ್ತಾಳೆ. ನೀನು ಯಾವತ್ತಾದ್ರೂ ನಿಂತಿದ್ಯೇನೋ?"

"ಊರೋರು ಏನಂತಾರೆ?" ಅಂದರು ಯಜಮಾನರು, ಮೆಲ್ಲಗೆ.

ಅದಕ್ಕೆ ಉತ್ತರ ಕೊಟ್ಟವರು ಅತ್ತೆ. "ಊರೋರು ನನ್ನ ಮಗಳ ಮನೆಗೆ ಕರ್ಕೊಂಡ್ ಹೋಗ್ತಾರೇನೋ? ಇವಳು ಹೋಗ್ತಾಳೆ." ಆಮೇಲೆ ನನ್ನ ಹತ್ತಿರ ಬಂದು, ಪೆಡಲುಗಳನ್ನು ಬಗ್ಗಿ ನೋಡಿ, "ಸೀರೆ ಸಿಕ್ಕಾಕ್ಕೊಳ್ಳಲ್ವೇನೇ?" ಅಂದರು.

"ನೆರಿಗೆ ಮೇಲಕ್ಕೆ ಕಟ್ಟಿ ಪಿನ್ ಹಾಕ್ಕೋತೀನಿ ಅತ್ತೆ."

"ಆಯ್ತು ಬಿಡು," ಅಂದರು. ಸಾಬರು ನಗುತ್ತಾ ಅಳತೆಯ ಟೇಪು ತಂದು ಸೀಟಿನಿಂದ ಪೆಡಲಿನ ತನಕ ಹಿಡಿದರು. ನನಗೆ ಕಣ್ಣು ಮಂಜಾಗಿ ಟೇಪಿನ ಅಂಕೆ ಕಾಣಲಿಲ್ಲ.

ಗಾಡಿ ಮನೆಗೆ ಬಂದ ಮೇಲೆ ಮಾವ ಒಣಗಿದ ಕೆರೆಯಂಗಳದಲ್ಲಿ ನನಗೆ ಕಲಿಸಿದರು. ಪಕ್ಕದ ಸೀಟಿನಲ್ಲಿ ಮಂಡಿ ನೀಟಿಕೊಂಡು ಕೂತು, ನಾನು ತಪ್ಪಿದಾಗೆಲ್ಲ ತಮ್ಮ ಬರಿಗಾಲನ್ನೇ ತಗಡಿಗೆ ಒತ್ತುತ್ತಿದ್ದರು, ಬ್ರೇಕು ಅಲ್ಲೂ ಇರುವಂತೆ. ಮೊದಮೊದಲು ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತುಬಿಡುತ್ತಿತ್ತು. "ಮಲಗಿದ ಮಗೂನ ತೊಟ್ಟಿಲಿಗೆ ಇಳಿಸೋ ಹಾಗೆ ಕ್ಲಚ್ ಬಿಡಮ್ಮ, ಅದಕ್ಕೆ ಗೊತ್ತಾಗ್ಬಾರ್ದು," ಅನ್ನುತ್ತಿದ್ದರು. ಒಂದು ಸಂಜೆ ಗಾಡಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಸದ್ದಿಲ್ಲದೆ ಹೊರಟಿತು. ಎರಡನೇ ಗೇರು, ಮೂರನೇ ಗೇರು. ಕೆರೆಯಂಗಳದ ಸೀಳುಬಿಟ್ಟ ಮಣ್ಣು ಚಕ್ರದ ಕೆಳಗೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು, ಮೇಯುತ್ತಿದ್ದ ಎಮ್ಮೆಗಳು ತಲೆಯೆತ್ತಿ ನೋಡಿದವು, ಗಾಳಿ ಕಿವಿ ತುಂಬಿತು. ನಾನು ಕೂಗಿದೆ. ಏನು ಕೂಗಿದೆ ಅಂತ ನೆನಪಿಲ್ಲ. ಮಾವನೂ ಕೂಗಿದರು.

ಕೋಲಾರಕ್ಕೆ ಹೋಗಿ ಲೈಸೆನ್ಸು ಮಾಡಿಸಿಕೊಂಡೆ. ಪರೀಕ್ಷೆ ತಗೊಂಡ ಅಧಿಕಾರಿ ಗಾಡಿಯಿಂದಿಳಿದು, "ಟಾಪು ಯಾರು ಮಾಡಿದ್ದು? ಚೆನ್ನಾಗಿದೆ," ಅಂತಷ್ಟೇ ಅಂದರು.

ಶಾಲೆ ತೆರೆದ ದಿನ ಟಾಪು ಮಡಿಸಿಕೊಂಡು ಹೊರಟೆ. ಅತ್ತೆಗೆ ರಾಯಲ್ಪಾಡಿನಲ್ಲಿ ಏನೂ ಕೆಲಸವಿರಲಿಲ್ಲ. ಆದರೂ ರೇಷ್ಮೆಸೀರೆ ಉಟ್ಟು ಪಕ್ಕದಲ್ಲಿ ಕೂತಿದ್ದರು. ಊರು ದಾಟುವ ತನಕ ಕಂಬಿ ಹಿಡಿದುಕೊಂಡು "ಮೆಲ್ಲಗಾ, ಮೆಲ್ಲಗಾ" ಅನ್ನುತ್ತಿದ್ದವರು, ತೋಪುಗಳ ನಡುವಿನ ನೇರ ರಸ್ತೆ ಬಂದಾಗ ಕಂಬಿ ಬಿಟ್ಟರು. "ಪೋನಿ, ಪೋನಿ!" ಅಂದರು. ಹೋಗಲಿ, ಹೋಗಲಿ! ಅವರ ಮುಖದ ಮೇಲೆ ಅಂಥ ನಗೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ದಾರಿಯಲ್ಲಿ ಆ ಲಾರಿಯವನು ಸಿಕ್ಕಿದ. ನಿಂತಲ್ಲೇ ನಿಂತುಬಿಟ್ಟ. ನಾನು ಹಾರನ್ ಹೊಡೆದೆ. ಅವನು ಸ್ವಲ್ಪ ಹೊತ್ತು ಬಿಟ್ಟು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಬೀಸಿದ.

ಸಂಜೆ ವಾಪಸು ಬರುವಾಗ ಮೂಡಣದಿಂದ ಮಳೆ ಅಟ್ಟಿಸಿಕೊಂಡು ಬಂತು. ರಸ್ತೆಬದಿಗೆ ನಿಲ್ಲಿಸಿ ಇಬ್ಬರೂ ಇಳಿದೆವು. ಟಾಪು ಹಾಕುವುದನ್ನು ನಾನು ಮನೆಯಂಗಳದಲ್ಲಿ ಸಾವಧಾನವಾಗಿ ಮಾಡಿ ನೋಡಿದ್ದೆ, ಮಳೆಯಲ್ಲಲ್ಲ. ಬಟ್ಟೆ ಗಾಳಿಗೆ ತುಂಬಿಕೊಂಡು ಹಡಗಿನ ಹಾಯಿಯಂತಾಯಿತು. "ಸೀರೆ ಮಡಿಸೋವಾಗ ಹಿಡಿತೀವಲ್ಲ, ಹಂಗೆ ಹಿಡಿ, ನೀನು ಆ ಮೂಲೆ, ನಾನು ಈ ಮೂಲೆ," ಅಂತ ಅತ್ತೆ ಕೂಗಿದರು. ಹಾಗೆ ಹಿಡಿದು ಎಳೆದಾಗ ಕೊಂಡಿ ಟಕ್ಕೆಂದು ಕೂತಿತು. ಒಳಗೆ ಹೋಗಿ ಕೂರುವಷ್ಟರಲ್ಲಿ ನಾವು ನೆನೆದು ತೊಪ್ಪೆಯಾಗಿದ್ದೆವು, ನಕ್ಕೂ ನಕ್ಕೂ ಉಸಿರು ಕಟ್ಟಿತ್ತು. ರೇಷ್ಮೆಸೀರೆಯಿಂದ ನೀರು ಹಿಂಡುತ್ತಾ ಅತ್ತೆ, "ನಾಳೆ ಎಷ್ಟೊತ್ತಿಗೆ ಹೊರಡೋದು?" ಅಂದರು.

ಆಮೇಲೆ ಅದು ದಿನದ ಗಾಡಿಯಾಯಿತು. ಬೆಳಿಗ್ಗೆ ಗೂಡಿನ ಬುಟ್ಟಿಗಳನ್ನು ಶ್ರೀನಿವಾಸಪುರಕ್ಕೆ ಮುಟ್ಟಿಸಿ, ಅಲ್ಲಿಂದ ತಿರುಗಿ ಶಾಲೆಗೆ ಹೋಗುತ್ತಿದ್ದೆ. ಸೀಟಿನ ಗವಸು ಒಗೆದು ಒಗೆದು ತೆಳ್ಳಗಾಯಿತು. ಸಾಬರು ಹೇಳಿದ್ದು ಸುಳ್ಳಾಗಲಿಲ್ಲ, ಮಡಿಕೆಯಲ್ಲಿ ಬಟ್ಟೆ ಬೇಗನೇ ಸವೆಯಿತು. ತೇಪೆ ಹಾಕಿಸಿದೆವು, ಮಡಿಸುವುದನ್ನು ಮಾತ್ರ ಬಿಡಲಿಲ್ಲ. ಅತ್ತೆಯನ್ನು ಮುಳಬಾಗಿಲಿನಲ್ಲಿದ್ದ ಅವರ ಮಗಳ ಮನೆಗೆ ಕರೆದುಕೊಂಡು ಹೋದೆ. ಆವನಿ ಬೆಟ್ಟಕ್ಕೂ ಹೋದೆವು, ಅದರ ಬುಡದಲ್ಲಿ ಬುತ್ತಿ ಬಿಚ್ಚಿ ತಿಂದೆವು.

ಯಜಮಾನರು ಮಾತ್ರ ಮೊದಲ ಕೆಲವು ವಾರ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದರು. ಒಂದು ಶನಿವಾರ ಸಾಯಂಕಾಲ ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿಗೆ ಅವರನ್ನು ಕರೆದುಕೊಂಡು ಬರಲು ಟಾಪು ಮಡಿಸಿಕೊಂಡು ನಾನೊಬ್ಬಳೇ ಹೋಗಿದ್ದೆ. ಚೀಲವನ್ನು ಹಿಂದಕ್ಕೆ ಎಸೆದು ಅವರು ಮುಂದೆ ಬಂದು ಕೂತರು. ತೋಪುಗಳು ಶುರುವಾದಾಗ, "ಸ್ವಲ್ಪ ನಿಲ್ಸು," ಅಂದರು.

"ಯಾಕ್ರೀ, ಭಯ ಆಗುತ್ತಾ?"

"ನಿಲ್ಸೇ."

ನಿಲ್ಲಿಸಿದೆ. ಅವರು ಇಳಿದು ಮುಂದೆ ಹೋಗಿ ಗಾಜಿನ ಎರಡೂ ಬದಿಯ ಕೊಂಡಿಗಳನ್ನು ಬಿಚ್ಚಿದರು. ಇಡೀ ಗಾಜು ಅದರ ಚೌಕಟ್ಟಿನ ಸಮೇತ ಮುಂದಕ್ಕೆ ಬಾಗಿ ಬಾನೆಟ್ಟಿನ ಮೇಲೆ ಮಲಗಿತು. ಹಾಗೆ ಮಲಗಿಸಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.

"ಯಾರು ಹೇಳಿದ್ರು ನಿಮಗೆ?"

"ಬುಕ್ ಮಾಡೋ ದಿನಾನೇ ನೋಡಿದ್ದೆ. ಅಪ್ಪನ ಮುಂದೆ ಕೇಳೋಕೆ ಧೈರ್ಯ ಆಗ್ಲಿಲ್ಲ." ಮತ್ತೆ ಹತ್ತಿ ಕೂತು, ಕನ್ನಡಕವನ್ನು ಬಿಗಿಯಾಗಿ ಒತ್ತಿಕೊಂಡು, "ಈಗ ಹೋಗು. ಜೋರಾಗಿ ಹೋಗು," ಅಂದರು.

ಹೋದೆ. ಮುಂದೆ ಏನೂ ಅಡ್ಡವಿರಲಿಲ್ಲ. ಗಾಳಿ ಮುಖಕ್ಕೆ ಹೊಡೆಯಿತು, ಒಂದು ಹುಳು ಅವರ ಬಾಯೊಳಗೇ ಹೋಯಿತು, ಅವರು ಥೂ ಥೂ ಅಂತ ಉಗಿದು ಮತ್ತೆ ಬಾಯಿ ತೆರೆದು ನಕ್ಕರು. ನನ್ನ ಜಡೆ ಬಿಚ್ಚಿಹೋಯಿತು. "ಇನ್ನೂ, ಇನ್ನೂ," ಅನ್ನುತ್ತಿದ್ದರು ಯಜಮಾನರು, ನಾನು ಗೇರು ಬದಲಾಯಿಸುತ್ತಿದ್ದೆ.